ಗಂಟಣ್ಣನ ಕಾರಿಗೆ ಮಾತು ಬಂದದ್ದು

"ನೋಡ್ರೀ, ನನ್ನ ಕಾರಿನೊಳಗೆ ಒಂದೇ ಒಂದು ವೈರು ಕಣ್ಣಿಗೆ ಬಿದ್ರೂ ಕತ್ತರಿ ನನ್ನ ಕೈಲೇ ಇರುತ್ತೆ. ಆಮೇಲೆ ನನ್ನನ್ನ ಏನೂ ಅನ್ನಬಾರದು."

ಹೊಲಿಗೆ ಯಂತ್ರದಿಂದ ತಲೆಯೆತ್ತದೆಯೇ ಹೆಂಡತಿ ಹೀಗೆಂದಾಗ, ಗಂಟಣ್ಣನು ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದನು. ಪೆಟ್ಟಿಗೆಯೊಳಗೆ ಹೊಸ ರೇಡಿಯೋ ಇತ್ತು. ಹಾಡು, ವಾರ್ತೆ ಕೇಳುವ ರೇಡಿಯೋ ಅಲ್ಲ. ಕೇಳಿದ್ದಕ್ಕೆ ಮರುಮಾತು ಹೇಳಬಹುದಾದ ರೇಡಿಯೋ. ಅದನ್ನು ಕಾರಿನಲ್ಲಿ ಕೂರಿಸಬೇಕು. ಕಾರು ಹೆಂಡತಿಯದು. ಶಾಲೆಗಳಿಗೆ ಸಮವಸ್ತ್ರ ಹೊಲಿದು, ಗಂಟು ಕಟ್ಟಿ, ಡಿಕ್ಕಿಯಲ್ಲಿ ತುಂಬಿಕೊಂಡು ತಾನೇ ಓಡಿಸಿಕೊಂಡು ಹೋಗಿ ಕೊಟ್ಟು ಬರುವವಳು ಅವಳು. ಆದ್ದರಿಂದ ಅಪ್ಪಣೆ ಅವಳಿಂದಲೇ ಸಿಗಬೇಕಾಗಿತ್ತು.

"ವೈರು ಕಂಡರೆ ನನ್ನ ಹೆಸರು ಬದಲಾಯಿಸು" ಎಂದನು ಗಂಟಣ್ಣ.

"ನಿಮ್ಮ ಹೆಸರು ಬದಲಾಗಿ ಮೂವತ್ತು ವರ್ಷ ಆಯ್ತು. ಇನ್ನೇನು ಉಳಿದಿದೆ ಬದಲಾಯಿಸೋಕೆ?"

ಅದು ನಿಜವೇ. ತಂದೆತಾಯಿ ಇಟ್ಟ ಹೆಸರು ಈಗ ಅವನ ಪಿಂಚಣಿ ಪುಸ್ತಕದಲ್ಲಿ ಮಾತ್ರ ಇದೆ. ಉಳಿದವರಿಗೆಲ್ಲ ಅವನು ಗಂಟಣ್ಣ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆಂಟು ವರ್ಷ ಕೆಲಸ ಮಾಡಿದವನು. ಊರಿನ ಸಾವಿರಾರು ಮನೆಗಳಿಂದ ಬರುವ ತಂತಿಗಳನ್ನೆಲ್ಲ ಕಬ್ಬಿಣದ ಚೌಕಟ್ಟುಗಳ ಮೇಲೆ ಸಾಲಾಗಿ ಮಲಗಿಸಿ, ಮೇಣ ಸವರಿದ ದಾರದಿಂದ ಎರಡೆರಡು ಬೆರಳಿಗೊಂದು ಗಂಟು ಹಾಕಿ ಕಟ್ಟುವುದು ಅವನ ಕೆಲಸ. ಮೊದಲನೆಯ ಗಂಟು ಹೇಗೋ ಸಾವಿರದ ಗಂಟೂ ಹಾಗೆಯೇ. ನೋಡಲು ಬಂದವರು ಜಡೆ ಹೆಣೆದಂತಿದೆ ಎನ್ನುತ್ತಿದ್ದರು. ಅವನ ಮೇಲಿನ ಸೂಪರ್‌ವೈಸರು ಮಾತ್ರ ಹೊಗಳಿದವರಲ್ಲ. ಅವರು ಚೌಕಟ್ಟಿನ ಹಿಂದೆ ಕೈ ಹಾಕಿ, ಎಲ್ಲಾದರೂ ಒಂದು ತಂತಿ ಜೋತುಬಿದ್ದಿದೆಯೇ ಎಂದು ತಡವಿ ನೋಡಿ, "ಒಂದು ಬೆರಳು ಹೆಚ್ಚಿದ್ದರೆ ಅದು ತಂತಿಯಲ್ಲಪ್ಪ, ಸೋಮಾರಿತನ" ಎನ್ನುತ್ತಿದ್ದರು. ಆ ಮಾತು ಗಂಟಣ್ಣನ ರಕ್ತಕ್ಕೆ ಇಳಿದುಹೋಗಿತ್ತು. ಅಳೆಯುವುದು, ಅಳತೆಗೆ ಸರಿಯಾಗಿ ಕತ್ತರಿಸುವುದು, ಕಟ್ಟುವುದು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹೀಗೆ ಊರಿನವರ ಮಾತನ್ನೆಲ್ಲ ಒಬ್ಬರಿಂದೊಬ್ಬರಿಗೆ ದಾಟಿಸಿದ ಮನುಷ್ಯ ತಾನು ಆ ತಂತಿಗಳಲ್ಲಿ ಆಡಿದ ಮಾತು ಬಹಳ ಸ್ವಲ್ಪ. ಲೈನು ಸರಿಯಿದೆಯೇ ಎಂದು ನೋಡಲು "ಹಲೋ, ಪರೀಕ್ಷೆ, ಒಂದು, ಎರಡು, ಮೂರು" ಎನ್ನುತ್ತಿದ್ದನು. ಆ ಕಡೆಯಿಂದ "ಸರಿಯಿದೆ" ಎಂದೊಡನೆ ಇಟ್ಟುಬಿಡುತ್ತಿದ್ದನು. ಮಾತು ಇತರರದು, ದಾರಿ ಮಾಡಿಕೊಡುವುದು ತನ್ನದು, ಅಷ್ಟೆ.

ನಿವೃತ್ತಿಯಾದ ಮೇಲೆ ಹವ್ಯಾಸಿ ರೇಡಿಯೋದ ಹುಚ್ಚು ಹಿಡಿಯಿತು. ಅದಕ್ಕೆ ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು. ಅರುವತ್ತೆರಡನೆಯ ವಯಸ್ಸಿನಲ್ಲಿ ಗಂಟಣ್ಣನು ಪುಸ್ತಕ ಹಿಡಿದು ಕುಳಿತನು. ಹೆಂಡತಿ ಗುಂಡಿ ಹೊಲಿಯುತ್ತ ಪ್ರಶ್ನೆ ಕೇಳಿದಳು. ಅವನು ಉತ್ತರ ಹೇಳಿದನು. ತಪ್ಪಿದಾಗ ಅವಳೇ ತಿದ್ದಿದಳು. ಅವನು ಮೊದಲನೆಯ ಸಲವೇ ಪಾಸಾದನು. ಆದರೆ ಪರವಾನಗಿ ಕೈಗೆ ಬಂದು ಎಂಟು ತಿಂಗಳಾದರೂ ಬಾಯಿ ಬಿಟ್ಟಿರಲಿಲ್ಲ. ಊರಿನ ಹವ್ಯಾಸಿ ರೇಡಿಯೋ ಕ್ಲಬ್ಬಿಗೆ ಹೋದರೆ ಅಲ್ಲಿಯೂ ಮೇಜಿನ ಕೆಳಗೆ ನುಸುಳಿ, ಹಾವಿನ ಹುತ್ತದಂತಿದ್ದ ವೈರುಗಳನ್ನು ಒಪ್ಪವಾಗಿ ಕಟ್ಟುತ್ತ ಕೂರುತ್ತಿದ್ದನು. ಮೇಜಿನ ಮೇಲೆ ಬೇರೆಯವರು ಮಾತನಾಡುತ್ತಿದ್ದರು.

ಕ್ಲಬ್ಬಿನ ಕಾರ್ಯದರ್ಶಿಗಳು ಹಲ್ಲಿನ ಡಾಕ್ಟರು. ಒಂದು ದಿನ ಅವರು ಮೇಜಿನ ಕೆಳಗೆ ಬಗ್ಗಿ ನೋಡಿ, "ಸಾರ್, ಒಂದು ಸಲ ಮೇಲೆ ಬನ್ನಿ. ನಿಮ್ಮ ಹತ್ತಿರ ಒಂದು ಕೆಲಸ ಇದೆ" ಎಂದರು.

ಕೆಲಸ ಇದು: ಬೆಟ್ಟದ ರಸ್ತೆಯಲ್ಲಿ ಮುಂದಿನ ಭಾನುವಾರ ಸೈಕಲ್ ಪಂದ್ಯ. ಬೆಟ್ಟಕ್ಕೆ ಹನ್ನೊಂದು ತಿರುವು. ನಡುವಿನ ತಿರುವುಗಳಲ್ಲಿ ಮೊಬೈಲು ಸತ್ತ ಹೆಣ. ಯಾರಾದರೂ ಬಿದ್ದರೆ ಹೇಳಿ ಕಳಿಸುವುದಕ್ಕೆ ಕ್ಲಬ್ಬಿನವರ ರೇಡಿಯೋ ಗಾಡಿಗಳೇ ಗತಿ. ಏಳನೆಯ ತಿರುವು ಎಲ್ಲಕ್ಕಿಂತ ಕಡಿದು. ಅಲ್ಲಿ ಗಾಡಿ ನಿಲ್ಲಿಸುತ್ತಿದ್ದವರು ಬೇರೆ ಊರಿಗೆ ಹೋಗಿಬಿಟ್ಟಿದ್ದರು.

"ನಿಮ್ಮ ಗಾಡಿಯಲ್ಲಿ ರೇಡಿಯೋ ಕೂರಿಸಿಕೊಳ್ಳಿ. ಶನಿವಾರ ಸಂಜೆ ಐದಕ್ಕೆ ಸರಿಯಾಗಿ ಎಲ್ಲಾ ಗಾಡಿಗಳೂ ತಂತಮ್ಮ ತಿರುವಿನಲ್ಲಿ ನಿಂತು ಹಾಜರಿ ಹೇಳಬೇಕು. ನಿಮ್ಮ ದನಿ ಬೆಟ್ಟದ ತುದಿಗೆ ಸ್ಪಷ್ಟವಾಗಿ ಕೇಳಿಸಿದರೆ ಏಳನೇ ತಿರುವು ನಿಮ್ಮದು" ಎಂದರು ಡಾಕ್ಟರು.

"ಕೇಳಿಸದಿದ್ದರೆ?"

"ಕೇಳಿಸದಿದ್ದರೆ ಬೇರೆ ಗಾಡಿ ಹಾಕ್ತೀವಿ. ನೀವು ಕೊನೆಯಲ್ಲಿ ನೀರಿನ ಬಾಟಲಿ ಹಂಚಿ. ಅದೂ ಸೇವೆಯೇ."

ಅದೂ ಸೇವೆಯೇ, ಯಾರು ಇಲ್ಲವೆಂದರು? ಆದರೆ ಆ ದಿನ ಮನೆಗೆ ನಡೆದುಬರುವಾಗ ಗಂಟಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಏಳನೆಯ ತಿರುವು! ಅಲ್ಲಿಂದ ತಾನು ಮಾತನಾಡಬೇಕು, ಹನ್ನೊಂದು ತಿರುವಿನವರೂ ಕಿವಿಗೊಟ್ಟು ಕೇಳಬೇಕು! ಮನೆಯ ತಿರುವನ್ನು ದಾಟಿ ಮುಂದೆ ಹೋಗಿಬಿಟ್ಟು, ಮತ್ತೆ ಹಿಂದಕ್ಕೆ ಬಂದನು.

ಕೆಲಸ ನಡೆದದ್ದು ಭಾವಮೈದುನನ ಗ್ಯಾರೇಜಿನಲ್ಲಿ. ಅವನು ಹೆಂಡತಿಯ ತಮ್ಮ. ಕೈ ಸದಾ ಕರಿ, ಬಾಯಿ ಸದಾ ಖಾರ. ಸೋಮವಾರ ಬೆಳಗ್ಗೆ ಕಾರನ್ನು ಒಳಗೆ ತರಿಸಿಕೊಂಡವನೇ, "ಭಾವ, ಎರಡು ಗಂಟೆ ಕೆಲಸ. ಮಧ್ಯಾಹ್ನ ಊಟಕ್ಕೆ ಮನೆಗೆ ತಗೊಂಡು ಹೋಗಿ" ಎಂದನು.

"ಗುರುವಾರ ತಗೊಂಡು ಹೋಗ್ತೀನಿ" ಎಂದನು ಗಂಟಣ್ಣ.

ಮೊದಲು ಬಾನೆಟ್ಟು ತೆಗೆದು, ಬ್ಯಾಟರಿಯಿಂದಲೇ ನೇರವಾಗಿ ಕೆಂಪು, ಕಪ್ಪು ಎರಡು ತಂತಿ ಎಳೆದನು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು. ಎಂಜಿನ್ನಿಗೂ ಒಳಗಿನ ಕೋಣೆಗೂ ನಡುವಿನ ತಗಡಿನ ಗೋಡೆಯಲ್ಲಿ ಒಂದು ರಬ್ಬರಿನ ಬಿರಡೆ ಇತ್ತು. ಅದಕ್ಕೆ ಸೂಜಿಯಿಂದ ಕಂಡಿ ಮಾಡಿ, ತಂತಿಗಳನ್ನು ಒಳಗೆ ತಂದು, ಬಾಗಿಲಿನ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ಮಲಗಿಸಿದನು. ಆಂಟೆನಾಕ್ಕೆ ಕಾರಿನ ಛಾವಣಿಯಲ್ಲಿ ತೂತು ಕೊರೆಯಲು ಹೆಂಡತಿ ಬಿಡುವಂತಿರಲಿಲ್ಲ. ಡಿಕ್ಕಿಯ ಅಂಚಿಗೆ ಒಂದು ಪುಟ್ಟ ಕೊಂಡಿ ಬಿಗಿದು, ಅದರ ಮೇಲೆ ಆಂಟೆನಾ ನಿಲ್ಲಿಸಿದನು. ಅದರ ಕೇಬಲ್ಲು ಡಿಕ್ಕಿಯ ರಬ್ಬರಿನ ಅಡಿಯಿಂದ ನುಸುಳಿ, ಹಿಂದಿನ ಸೀಟಿನ ಬೆನ್ನಿಗೆ ಇಳಿದು, ನೆಲದ ಜಮಖಾನೆಯ ಕೆಳಗೆ ಹರಿದು ಮುಂದೆ ಬಂದಿತು. ಬೂದಿ ಹಾಕುವ ಡಬ್ಬಿ ಇದ್ದ ಗೂಡಿನಲ್ಲಿ ರೇಡಿಯೋದಿಂದ ಬಿಡಿಸಿ ತೆಗೆದ ಮುಖ ಮಾತ್ರ ಕೂತಿತು: ಒಂದು ಗುಂಡಿ, ನಾಲ್ಕು ಅಂಕಿ. ಅದರ ಪಕ್ಕದಲ್ಲಿ ಮೈಕು ತಗುಲಿಹಾಕಲು ಕೊಕ್ಕೆ.

ಇನ್ನು ರೇಡಿಯೋದ ಮೈ. ಅದನ್ನು ಎಲ್ಲಿ ಇಡುವುದು? ನೆಲದ ಮೇಲಿಟ್ಟರೆ ಹಿಂದೆ ಕೂತವರ ಕಾಲಿಗೆ ತಾಗೀತು. ಗಂಟಣ್ಣನು ಅಂಗಾತ ಮಲಗಿ ಚಾಲಕನ ಸೀಟಿನ ಅಡಿಯನ್ನು ನೋಡಿದನು. ನೋಡಿದವನಿಗೆ ಹೃದಯ ತುಂಬಿಬಂದಿತು. ಕಬ್ಬಿಣದ ಸರಳುಗಳ ಚೌಕಟ್ಟು! ಥೇಟು ಎಕ್ಸ್‌ಚೇಂಜಿನ ಚೌಕಟ್ಟೇ; ಮಲಗಿಸಿದಂತಿತ್ತು, ಅಷ್ಟೆ. ಪೆಟ್ಟಿಗೆಯನ್ನು ಅದಕ್ಕೇ ಬಿಗಿದನು. ಕೇಬಲ್ಲುಗಳನ್ನು ಸೀಟಿನ ಕೆಳಗೆ ನೆಲಕ್ಕೆ ಬಿಗಿದ ಪಟ್ಟಿಯ ಗುಂಟ ಒಯ್ದು, ಜೇಬಿನಿಂದ ಮೇಣದ ದಾರದ ಉಂಡೆ ತೆಗೆದು, ಎರಡೆರಡು ಬೆರಳಿಗೊಂದು ಗಂಟು ಹಾಕತೊಡಗಿದನು.

ಭಾವಮೈದುನ ಬಗ್ಗಿ ನೋಡಿ, "ಭಾವ, ಇದೇನು ಕಾರಾ, ಹೂಮಾಲೆನಾ? ಪ್ಲಾಸ್ಟಿಕ್ ಪಟ್ಟಿ ಹಾಕಿ ಚರ್ ಅಂತ ಎಳೆದ್ರೆ ಮುಗೀತು" ಎಂದನು.

"ಪ್ಲಾಸ್ಟಿಕ್ಕು ತಂತೀನ ಕಚ್ಚುತ್ತೆ. ದಾರ ಹಿಡ್ಕೊಳ್ಳುತ್ತೆ."

"ಆಹಾ! ಹಿಡ್ಕೊಳ್ಳಲಿ. ಆದ್ರೆ ಒಂದು ಮೊಳ ಸಡಿಲ ಬಿಡಿ ಭಾವ. ಗಾಡಿ ಅಂದ್ಮೇಲೆ ಅಲುಗಾಡುತ್ತೆ."

"ಒಂದು ಬೆರಳು ಹೆಚ್ಚಿದ್ರೆ ಅದು ತಂತಿಯಲ್ಲಯ್ಯ, ಸೋಮಾರಿತನ."

ಆಂಟೆನಾದ ಕೇಬಲ್ಲು ಎರಡು ತುದಿಗೂ ಪ್ಲಗ್ಗು ಸಮೇತ ಅಂಗಡಿಯಿಂದಲೇ ಬಂದಿತ್ತು. ಒಂದು ಮಾರಿನಷ್ಟು ಉದ್ದ ಹೆಚ್ಚಾಯಿತು. ಬೇರೆಯವರಾಗಿದ್ದರೆ ಸುತ್ತಿ ಎಲ್ಲಾದರೂ ತುರುಕುತ್ತಿದ್ದರು. ಗಂಟಣ್ಣನು ಅಳತೆ ನೋಡಿ, ಹೆಚ್ಚಿದ್ದುದನ್ನು ಪ್ಲಗ್ಗಿನ ಸಮೇತ ಕತ್ತರಿಸಿ ಎಸೆದು, ತುದಿಗೆ ಬೇರೆ ಪ್ಲಗ್ಗು ಬೆಸೆದು ಪೆಟ್ಟಿಗೆಗೆ ತಿರುಗಿಸಿದನು. ಕೇಬಲ್ಲು ವೀಣೆಯ ತಂತಿಯಂತೆ ನೇರವಾಗಿ ನಿಂತಿತು. ಊಟದ ಡಬ್ಬಿ ತಂದಿದ್ದ ಹೆಂಡತಿ ನೆಲದ ಮೇಲೆ ಬಿದ್ದಿದ್ದ ತುಂಡನ್ನು ಎತ್ತಿ, ಸೆರಗಿನಿಂದ ಒರೆಸಿ, ಚೀಲಕ್ಕೆ ಹಾಕಿಕೊಂಡಳು.

"ಅದ್ಯಾಕೆ? ಕಸ ಅದು."

"ನಿಮಗೆ ಕಸ. ಗಟ್ಟಿಯಾಗಿದೆ, ಗಂಟು ಕಟ್ಟೋಕೆ ಬರುತ್ತೆ." ಹೊಲಿಯುವವರ ಮನೆಯಲ್ಲಿ ತುಂಡನ್ನು ಎಸೆಯುವ ಪದ್ಧತಿಯೇ ಇಲ್ಲ. ಅವಳ ಮಂಚದ ಕೆಳಗೆ ಮೂವತ್ತು ವರ್ಷದ ತುಂಡುಬಟ್ಟೆ ಮೂಟೆ ಮೂಟೆಯಾಗಿತ್ತು.

ಗುರುವಾರ ಸಂಜೆ ಕಾರು ಮನೆಯ ಮುಂದೆ ನಿಂತಿತು. ಹೆಂಡತಿ ಟಾರ್ಚು ಹಿಡಿದು ತಪಾಸಣೆಗೆ ಬಂದಳು. ಡ್ಯಾಶ್‌ಬೋರ್ಡಿನ ಕೆಳಗೆ ಇಣುಕಿದಳು. ಚಾಪೆ ಎತ್ತಿದಳು. ಹಿಂದಿನ ಸೀಟಿನ ಸಂದಿಯಲ್ಲಿ ಬೆರಳಾಡಿಸಿದಳು. ಕತ್ತರಿ ಕೈಯಲ್ಲೇ ಇತ್ತು, ಪಾಪ, ಅದಕ್ಕೆ ಕೆಲಸವಾಗಲಿಲ್ಲ.

"ರೇಡಿಯೋ ಹಾಕಿದ್ದೀರೋ, ಬರೀ ಹೇಳ್ತಿದ್ದೀರೋ?"

ಅವನು ಗುಂಡಿ ತಿರುಗಿಸಿದನು. ಗೂಡಿನಲ್ಲಿ ಹಳದಿ ಬೆಳಕು ಮೂಡಿತು. ಎಲ್ಲಿಂದಲೋ ಒಂದು ದನಿ, ಕೆಮ್ಮಿ, ಸ್ವಚ್ಛವಾಗಿ, "ಮಲ್ಲಿಗೆ ಗಿಡಕ್ಕೆ ಹುಳ ಬಿದ್ದಿದೆ, ಏನು ಹಾಕೋದು, ಓವರ್" ಎಂದಿತು. ಓವರ್ ಎಂದರೆ ನನ್ನ ಮಾತು ಮುಗಿಯಿತು, ಇನ್ನು ನಿಮ್ಮ ಸರದಿ. ಇಬ್ಬರೂ ನಕ್ಕುಬಿಟ್ಟರು.

"ಮಾತಾಡ್ರೀ! ಬೇವಿನ ಎಣ್ಣೆ ಹಾಕಿ ಅನ್ನಿ!"

"ಇಲ್ಲ. ನನ್ನ ಮೊದಲ ಮಾತು ಏಳನೇ ತಿರುವಿನಿಂದ" ಎಂದನು ಗಂಟಣ್ಣ, ಮೈಕನ್ನು ಮುಟ್ಟಿ ಕೈ ಹಿಂದಕ್ಕೆ ತೆಗೆದು.

"ಹಾಗಾದ್ರೆ ಕೊಡಿ, ನಾನೇ ಹೇಳ್ತೀನಿ."

"ಹಾಗೆಲ್ಲ ಮಾತಾಡೋ ಹಾಗಿಲ್ಲ ಕಣೇ, ಪರವಾನಗಿ ಬೇಕು."

"ಓಹೋ! ಮನೇಲಿ ಮಾತಾಡೋಕೆ ನಿಮಗೆ ಪರವಾನಗಿ ಕೊಟ್ಟೋರು ಯಾರಂತೆ?"

ಶನಿವಾರ ಮೂರು ಗಂಟೆಗೇ ಗಂಟಣ್ಣನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಿದ್ಧನಾದನು. ಉಪಕರಣಗಳ ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಲು ಹೋಗಿ, ಅಷ್ಟು ಒಪ್ಪವಾದ ಕಾರಿನಲ್ಲಿ ಎಣ್ಣೆ ಹಿಡಿದ ಪೆಟ್ಟಿಗೆ ಏಕೆಂದು ಮನೆಯಲ್ಲೇ ಬಿಟ್ಟನು. ತಂತಿ ಪರೀಕ್ಷಿಸುವ ಸೂಜಿಯ ಮೀಟರೊಂದನ್ನು ಮಾತ್ರ ತೆಗೆದುಕೊಂಡನು. ಡಿಕ್ಕಿಯಲ್ಲಿ ಹೆಂಡತಿಯ ಸಮವಸ್ತ್ರದ ಗಂಟೊಂದಿತ್ತು. ಗುರುವಾರದವರೆಗೆ ಕಾರು ಗ್ಯಾರೇಜಿನಲ್ಲಿತ್ತು, ಶುಕ್ರವಾರ ಶಾಲೆಗೆ ರಜ; ಹಾಗಾಗಿ ಕೊಡುವುದು ಉಳಿದುಹೋಗಿತ್ತು. ಜೊತೆಗೆ ಪಂದ್ಯದವರು ಕೊಟ್ಟಿದ್ದ ಪ್ರಥಮ ಚಿಕಿತ್ಸೆಯ ಡಬ್ಬಿ. ಹೆಂಡತಿ ಪಕ್ಕದಲ್ಲಿ ಕೂತಳು.

ದಾರಿಯುದ್ದಕ್ಕೂ ರೇಡಿಯೋ ಮಾತನಾಡುತ್ತಿತ್ತು. ಮೂರನೇ ತಿರುವಿನವರು ಹೊರಟರಂತೆ. ಐದನೇ ತಿರುವಿನವರ ಟೈರು ಪಂಕ್ಚರಂತೆ. ಹಲ್ಲಿನ ಡಾಕ್ಟರು ಬೆಟ್ಟದ ತುದಿ ತಲುಪಿದರಂತೆ. ಒಂದೊಂದು ದನಿ ಬಂದಾಗಲೂ ಗಂಟಣ್ಣನು ಅದರ ಕಡೆಗೇ ತಿರುಗುತ್ತಿದ್ದನು. ಕಾರು ರಸ್ತೆಯ ಅಂಚಿಗೆ ತಿರುಗುತ್ತಿತ್ತು.

ಬೆಟ್ಟದ ಬುಡದಲ್ಲಿ ಹೆಂಡತಿ, "ನಿಲ್ಲಿಸ್ರೀ" ಎಂದಳು. "ನಿಮ್ಮ ಕಣ್ಣು ರಸ್ತೆ ಮೇಲಿಲ್ಲ. ಹೀಗೆ ಹತ್ತಿಸಿದ್ರೆ ಏಳನೇ ತಿರುವಲ್ಲ, ಸೀದಾ ಕಣಿವೆ. ಇಳೀರಿ, ನಾನು ಓಡಿಸ್ತೀನಿ."

ಅವನಿಗೂ ಅದೇ ಬೇಕಾಗಿತ್ತು. ಕಿವಿ ಪೂರ್ತಿ ರೇಡಿಯೋಗೆ ಕೊಡಬಹುದಲ್ಲ. ಇಬ್ಬರೂ ಜಾಗ ಬದಲಾಯಿಸಿದರು. ಗಂಟಣ್ಣನೋ ತೆಂಗಿನ ಮರ. ಹೆಂಡತಿ ಅವನ ಹೆಗಲಿಗೆ ಬಂದರೆ ಹೆಚ್ಚು. ಅವಳು ಕೂತು, ಸೀಟಿನ ಕೆಳಗಿನ ಹಿಡಿ ಎತ್ತಿ, ಎಂದಿನಂತೆ ಜೋರಾಗಿ ಮುಂದಕ್ಕೆ ಎಳೆದುಕೊಂಡಳು. ಖಟ್ಟೆಂದು ಸೀಟು ಕಚ್ಚಿಕೊಂಡಿತು. ಕಾರು ಹತ್ತತೊಡಗಿತು.

ರೇಡಿಯೋದಲ್ಲಿ ಮಾತು ನಿಂತಿತು. ಸುಮ್ಮನೆ ಹರಿಯುವ ನೀರಿನಂಥ ಸದ್ದು.

"ಏನಾಯ್ತು?"

"ಬೆಟ್ಟ ಅಡ್ಡ ಬಂತು. ಮೇಲೆ ಹೋದ ಹಾಗೆ ಮತ್ತೆ ಬರುತ್ತೆ" ಎಂದನು ಗಂಟಣ್ಣ ಪಂಡಿತನಂತೆ.

ಎರಡನೇ ತಿರುವಿನಲ್ಲಿ ಬರಲಿಲ್ಲ. ನಾಲ್ಕನೇ ತಿರುವಿನಲ್ಲಿ ಕಣಿವೆ ತೆರೆದುಕೊಂಡಿತು, ಬರಲಿಲ್ಲ. ಏಳನೇ ತಿರುವಿಗೆ ಬಂದು ಕಾರು ನಿಲ್ಲಿಸಿದಾಗ ಬೆಟ್ಟದ ತುದಿ ಅಂಗೈಯಷ್ಟು ಹತ್ತಿರ ಕಾಣುತ್ತಿತ್ತು. ಡಾಕ್ಟರ ಬಿಳಿ ಗಾಡಿಯೂ ಕಾಣುತ್ತಿತ್ತು. ರೇಡಿಯೋದಲ್ಲಿ ಮಾತ್ರ ನೀರಿನ ಸದ್ದು. ಗಂಟೆ ನಾಲ್ಕು ಮೂವತ್ತೈದು.

ಗಂಟಣ್ಣನ ಪಾಂಡಿತ್ಯ ಇಳಿದುಹೋಯಿತು. ದೀಪ ಉರಿಯುತ್ತಿದೆ, ಅಂದರೆ ಬ್ಯಾಟರಿ, ಫ್ಯೂಸು ಸರಿ. ಹಾಗಾದರೆ ಆಂಟೆನಾ? ಇಳಿದು ಓಡಿ ಹೋಗಿ ಅಲ್ಲಾಡಿಸಿದನು, ಗಟ್ಟಿಯಾಗಿತ್ತು. ಅದರ ಬುಡದಲ್ಲಿ ಮೀಟರು ಜೋಡಿಸೋಣವೆಂದರೆ ಸ್ಪ್ಯಾನರು ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಮನೆಯಲ್ಲಿ. ಹೊಸ್ತಿಲಿನ ಪಟ್ಟಿ ಕೀಳೋಣವೇ? ಜಮಖಾನೆ ಎತ್ತೋಣವೇ? ನಾಲ್ಕು ದಿನ ಕಟ್ಟಿದ್ದನ್ನು ಇಪ್ಪತ್ತೈದು ನಿಮಿಷದಲ್ಲಿ ಬಿಚ್ಚುವುದೆಲ್ಲಿಂದ? ಹಣೆಯ ಬೆವರು ಇಸ್ತ್ರಿ ಅಂಗಿಯ ಮೇಲೆ ಬಿದ್ದಿತು.

"ಸುಮ್ನೆ ಒಂದು ಕಡೆ ನಿಲ್ರೀ. ಬೆಟ್ಟದ ಬುಡದವರೆಗೆ ಮಾತಾಡ್ತಿತ್ತು ಅಲ್ವಾ?"

"ಹೌದು."

"ಅಲ್ಲಿ ಏನು ಬದಲಾಯ್ತು?"

"ಏನೂ ಇಲ್ಲ. ಬೆಟ್ಟ ಬಂತು."

"ಬೆಟ್ಟ ಬಂತು, ನಾನೂ ಬಂದೆ" ಎಂದಳು ಹೆಂಡತಿ. ಕಾರಿನಿಂದ ಇಳಿದು, ರಸ್ತೆಯ ಮೇಲೆಯೇ ಮೊಣಕಾಲೂರಿ, ಸೀಟಿನ ಅಡಿಗೆ ತಲೆ ಹಾಕಿದಳು. ಕೈಯಿಂದ ತಡವಿ ನೋಡಿದಳು. ಆಮೇಲೆ ಒಳಗಿನಿಂದಲೇ ಅವಳ ದನಿ ಕೇಳಿಸಿತು: "ಅಯ್ಯೋ, ನಿಮ್ಮ! ಒಳಗೆ ಬಟ್ಟೆನೇ ಬಿಟ್ಟಿಲ್ವಲ್ರೀ!"

ಗಂಟಣ್ಣನು ಬಗ್ಗಿ ನೋಡಿದನು. ಪೆಟ್ಟಿಗೆ ಸೀಟಿನ ಜೊತೆಗೆ ಒಂದು ಗೇಣು ಮುಂದೆ ಹೋಗಿತ್ತು. ಬ್ಯಾಟರಿಯ ತಂತಿ ಮುಂದಿನಿಂದ ಬಂದದ್ದು, ಸಡಿಲವಾಗಿ ಬದುಕಿಕೊಂಡಿತ್ತು. ಹಿಂದಿನಿಂದ ಬಂದ ಆಂಟೆನಾದ ಕೇಬಲ್ಲು ಮಾತ್ರ ಬರಲಾರೆನೆಂದು ಹಟ ಹಿಡಿದು, ಪ್ಲಗ್ಗಿನಿಂದ ಕಿತ್ತುಕೊಂಡು, ಹಿಂದೆಯೇ ಉಳಿದಿತ್ತು. ಮೇಣದ ದಾರದ ಗಂಟುಗಳು ಒಂದೂ ಬಿಚ್ಚಿರಲಿಲ್ಲ. ಅವು ಅಷ್ಟು ಚೆನ್ನಾಗಿ ಹಿಡಿದದ್ದರಿಂದಲೇ ಕೇಬಲ್ಲು ಕಿತ್ತುಬಂದಿತ್ತು.

ಮೂವತ್ತೆಂಟು ವರ್ಷ ಅವನು ತಂತಿ ಕಟ್ಟಿದ್ದು ಗೋಡೆಗೆ ಬಿಗಿದ ಚೌಕಟ್ಟುಗಳಿಗೆ. ಒಂದು ಚೌಕಟ್ಟಾದರೂ ಎದ್ದು ಮುಂದಕ್ಕೆ ಸರಿದದ್ದನ್ನು ಅವನು ಕಂಡಿರಲಿಲ್ಲ. ಸೀಟೆಂಬುದು ಸರಿಯುತ್ತದೆ, ಹೆಂಡತಿ ತನಗಿಂತ ಗಿಡ್ಡ, ಎರಡೂ ಅವನಿಗೆ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಿರಲಿಲ್ಲ.

"ನಾವು ಮಕ್ಕಳ ಬಟ್ಟೆ ಹೊಲಿಯುವಾಗ ಒಳಗೆ ಮಡಿಕೆಯಲ್ಲಿ ಎರಡು ಬೆರಳು ಬಟ್ಟೆ ಬಿಡ್ತೀವಿ" ಎಂದಳು ಹೆಂಡತಿ, ಕೈಯ ಧೂಳು ಕೊಡವುತ್ತ. "ಮಗು ಬೆಳೆಯುತ್ತಲ್ಲ. ಅಳತೆಗೆ ಸರಿಯಾಗಿ ಹೊಲಿದ್ರೆ ಕೈ ಎತ್ತಿದ ಕೂಡ್ಲೇ ಕಂಕುಳು ಹರಿಯುತ್ತೆ."

"ಈಗ ಪಾಠ ಬೇಡ ಕಣೇ. ಇಪ್ಪತ್ತು ನಿಮಿಷ ಇದೆ. ಸೀಟನ್ನ ಹಿಂದಕ್ಕೆ ತಳ್ಳಿದ್ರೂ ಇದು ಸೇರಲ್ಲ. ತುದಿ ಪ್ಲಗ್ಗಿನೊಳಗೇ ಮುರಿದಿದೆ. ಬೇರೆ ಪ್ಲಗ್ಗು ಬೇಕು, ಬೆಸೆಯೋಕೆ ಕಾವು ಬೇಕು. ಎಲ್ಲಿಂದ ತರಲಿ?" ಎಂದನು. ಕಣ್ಣ ಮುಂದೆ ನೀರಿನ ಬಾಟಲಿಗಳು ಸಾಲಾಗಿ ನಿಂತವು.

ಹೆಂಡತಿ ಡಿಕ್ಕಿಯ ಕಡೆಗೆ ನಡೆದಳು. ಬಾಗಿಲು ತೆಗೆದಳು. ಸಮವಸ್ತ್ರದ ಗಂಟನ್ನು ಮುಂದಕ್ಕೆ ಎಳೆದಳು. ನೀಲಿ ಬಟ್ಟೆಯ ಆ ಗಂಟಿನ ನಡುವಿಗೆ, ಎರಡು ಸುತ್ತು ಬಿಗಿದು, ಕಪ್ಪಾಗಿ ಹೊಳೆಯುತ್ತಿದ್ದದ್ದು ಅವನು ಎಸೆದ ಕೇಬಲ್ಲಿನ ತುಂಡು! ತುದಿಯಲ್ಲಿ ಅಂಗಡಿಯ ಪ್ಲಗ್ಗು ಹಾಗೆಯೇ ಇತ್ತು.

"ಕಸ ಅಂದ್ರಲ್ಲ, ತಗೊಳ್ಳಿ ಕಸ."

ಗಂಟಣ್ಣನು ಹೆಂಡತಿಯ ಮುಖವನ್ನೇ ನೋಡಿದನು. ಆಮೇಲೆ, "ಕತ್ತರಿ!" ಎಂದನು.

ಕತ್ತರಿ ಅವಳ ಕೈಚೀಲದಲ್ಲಿ ಯಾವಾಗಲೂ ಇರುವುದೇ. ಅದರಿಂದ ಎರಡೂ ತುದಿಗಳ ಕಪ್ಪು ಚರ್ಮ ಸುಲಿದನು. ಒಳಗಿನ ತಾಮ್ರದ ಜಾಲರಿಯನ್ನು ಹಿಂದಕ್ಕೆ ಸರಿಸಿ, ನಡುವಿನ ತಂತಿಗೆ ತಂತಿ ಸೇರಿಸಿ ಹೊಸೆದನು. ಜಾಲರಿ ತಂತಿಗೆ ತಾಗಿದರೆ ಎಲ್ಲ ಮುಗಿದಂತೆ. ನಡುವೆ ಏನಾದರೂ ಸುತ್ತಬೇಕು. ಹೆಂಡತಿ ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಗಾಯದ ಅಂಟುಪಟ್ಟಿ ಹರಿದು ಕೊಟ್ಟಳು.

"ಗಾಯಕ್ಕೆ ತಾನೆ? ಇದೂ ಗಾಯಾನೇ. ಸುತ್ತಿ."

ಪಟ್ಟಿ ಸುತ್ತಿದನು. ಅದರ ಮೇಲೆ ಜಾಲರಿಗೆ ಜಾಲರಿ ಎಳೆದು ಹೆಣೆದನು. ಮತ್ತೆ ಪಟ್ಟಿ. ಅದರ ಮೇಲೆ ಮೇಣದ ದಾರ ಬಿಗಿದು ಕಟ್ಟಿದನು. ಅಷ್ಟು ಅವಸರದಲ್ಲೂ ಎರಡು ಬೆರಳಿಗೊಂದೇ ಗಂಟು. ಪ್ಲಗ್ಗನ್ನು ಪೆಟ್ಟಿಗೆಯ ಬೆನ್ನಿಗೆ ತಿರುಗಿಸಿದನು. ಉಳಿದ ಕೇಬಲ್ಲು ಸೀಟಿನ ಪಕ್ಕದಿಂದ ಹೊರಬಂದು, ಹ್ಯಾಂಡ್‌ಬ್ರೇಕಿನ ಮೇಲೆ ಹೊರಳಿ, ಬ್ಯಾಂಡೇಜು ಕಟ್ಟಿಸಿಕೊಂಡ ಹಾವಿನ ಹಾಗೆ ಬಿದ್ದುಕೊಂಡಿತು. ಇದಕ್ಕಿಂತ ಎದ್ದು ಕಾಣುವ ವೈರು ಊರಿನ ಯಾವ ಕಾರಿನಲ್ಲಿಯೂ ಇರಲಿಕ್ಕಿಲ್ಲ.

ಅವನು ತಪ್ಪಿತಸ್ಥನಂತೆ ಹೆಂಡತಿಯನ್ನು ನೋಡಿದನು. ಅವಳು ಕತ್ತರಿಯನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿ ಎಳೆದು, "ಇವತ್ತು ಅದಕ್ಕೆ ರಜ" ಎಂದಳು.

ರೇಡಿಯೋ ತಟ್ಟನೆ ಮಾತನಾಡಿತು. "ಐದನೇ ತಿರುವು, ಹಾಜರಿ ಸಿಕ್ಕಿತು, ಸ್ಪಷ್ಟವಾಗಿದೆ. ಓವರ್." ಡಾಕ್ಟರ ದನಿ! ಕಿವಿಯ ಪಕ್ಕದಲ್ಲೇ! ಹೆಂಡತಿ ಚಿಕ್ಕ ಮಗುವಿನಂತೆ ಚಪ್ಪಾಳೆ ತಟ್ಟಿದಳು. ಗಂಟಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಂಕ್ಚರಾದ ಐದನೇ ತಿರುವಿನವರೂ ಬಂದು ಸೇರಿದ್ದರು. ಆರನೇ ತಿರುವಿನ ಹಾಜರಿಯೂ ಮುಗಿಯಿತು. ಗಂಟೆ ಐದಾಗಿ ಒಂದು ನಿಮಿಷ.

"ಏಳನೇ ತಿರುವು, ಏಳನೇ ತಿರುವು. ಹಾಜರಿ ಹೇಳಿ. ಓವರ್."

ಗಂಟಣ್ಣನು ಮೈಕನ್ನು ಕೊಕ್ಕೆಯಿಂದ ತೆಗೆದನು. ಗುಂಡಿ ಒತ್ತಿದನು. ಬಾಯಿ ತೆರೆದನು. ಮಾತು ಬರಲಿಲ್ಲ. ವಾರವೆಲ್ಲ ಸ್ನಾನ ಮಾಡುವಾಗ, ಹಲ್ಲುಜ್ಜುವಾಗ ಹೇಳಿಕೊಂಡಿದ್ದ ಮಾತು ಎಲ್ಲಿ ಹೋಯಿತೋ! ಗುಂಡಿ ಬಿಟ್ಟನು.

"ಏಳನೇ ತಿರುವು, ಏನೂ ಕೇಳಿಸುತ್ತಿಲ್ಲ. ಇನ್ನೊಂದು ಸಲ ನೋಡ್ತೀನಿ. ಇಲ್ಲದಿದ್ದರೆ ಬೇರೆ ಗಾಡಿ ಕಳಿಸ್ತೀನಿ. ಓವರ್."

ಹೆಂಡತಿಗೆ ಆ ಮಾತು ಪೂರ್ತಿ ಬಾಯಿಪಾಠ. ಹೇಳುವ ಅಧಿಕಾರವಿಲ್ಲ. ಅವಳು ಅವನ ತೋಳನ್ನು ಜೋರಾಗಿ ಜಿಗುಟಿ, "ಎಕ್ಸ್‌ಚೇಂಜಲ್ಲಿ ಲೈನು ನೋಡ್ತಿದ್ದೀನಿ ಅಂದ್ಕೊಳ್ರೀ!" ಎಂದಳು.

ಗಂಟಣ್ಣನು ಮತ್ತೆ ಗುಂಡಿ ಒತ್ತಿದನು.

"ಹಲೋ, ಪರೀಕ್ಷೆ, ಒಂದು, ಎರಡು, ಮೂರು" ಎಂದನು. ದನಿ ತನ್ನದೇ ಎಂದು ತಿಳಿದಮೇಲೆ ನಿಲ್ಲಲಿಲ್ಲ. ಪರವಾನಗಿಯಲ್ಲಿ ಕೊಟ್ಟಿದ್ದ ತನ್ನ ಕರೆಸಂಕೇತ ಹೇಳಿದನು. "ಏಳನೇ ತಿರುವಿನಿಂದ ಮಾತಾಡ್ತಿದ್ದೀನಿ. ಇಲ್ಲಿಂದ ರಸ್ತೆ ಎರಡೂ ಕಡೆ ಕಾಣುತ್ತೆ. ನಿಮ್ಮ ಬಿಳಿ ಗಾಡೀನೂ ಕಾಣುತ್ತೆ ಡಾಕ್ಟ್ರೇ. ಬಿಸಿಲು ಚೆನ್ನಾಗಿದೆ. ಗಾಳಿ ಇಲ್ಲ. ನಾನು ಇಲ್ಲೇ ಇದ್ದೀನಿ. ಓವರ್."

ಒಂದು ಗಳಿಗೆ ನೀರಿನ ಸದ್ದು.

"ಏಳನೇ ತಿರುವು! ಪಕ್ಕದ ಕುರ್ಚಿಯಲ್ಲಿ ಕೂತು ಮಾತಾಡಿದ ಹಾಗಿದೆಯಲ್ಲ ಸಾರ್! ಇಲ್ಲಿಯವರೆಗೆ ಕೇಳಿದ್ದರಲ್ಲಿ ನಿಮ್ಮದೇ ಸ್ಪಷ್ಟ. ನಾಳೆ ಆರು ಗಂಟೆಗೆ ಅಲ್ಲೇ ಇರಿ. ಓವರ್."

ಇಳಿಯುವಾಗ ಹೆಂಡತಿಯೇ ಓಡಿಸಿದಳು. ದಾರಿಯಲ್ಲಿ ಗಂಟಣ್ಣನು ಮೂರನೇ ತಿರುವಿನವರ ಜೊತೆ ಮಾತನಾಡಿದನು, ಒಂಬತ್ತನೇ ತಿರುವಿನವರ ಜೊತೆ ಮಾತನಾಡಿದನು. ಮಲ್ಲಿಗೆ ಗಿಡದವರನ್ನು ಹುಡುಕಿ ಹಿಡಿದು, "ಬೇವಿನ ಎಣ್ಣೆ ಹಾಕಿ ಅಂತ ನಮ್ಮ ಮನೆಯವಳು ಹೇಳ್ತಿದ್ದಾಳೆ" ಎಂದನು. ಸಮವಸ್ತ್ರದ ಗಂಟು ಕಟ್ಟಿಲ್ಲದೆ ಡಿಕ್ಕಿಯ ತುಂಬ ಹರಡಿಹೋಯಿತು. ಮನೆಗೆ ಬಂದು ಅವಳು ಎಪ್ಪತ್ತು ಲಂಗ ಮತ್ತೆ ಇಸ್ತ್ರಿ ಮಾಡಬೇಕಾಯಿತು. ಬೈದುಕೊಂಡೇ ಮಾಡಿದಳು, ನಗುತ್ತಲೂ ಇದ್ದಳು.

ಭಾನುವಾರದ ಪಂದ್ಯದಲ್ಲಿ ನಲವತ್ತಮೂರನೆಯ ಸಂಖ್ಯೆಯ ಸವಾರ ಏಳನೇ ತಿರುವಿನಲ್ಲಿಯೇ ಜಾರಿ ಬಿದ್ದು ಕೈ ಮುರಿದುಕೊಂಡನು. ಅವನು ಎದ್ದು ಕೂರುವ ಮೊದಲೇ ಸುದ್ದಿ ಬೆಟ್ಟದ ತುದಿ ಮುಟ್ಟಿತ್ತು. ಆಂಬುಲೆನ್ಸು ಬರುವವರೆಗೆ ಗಂಟಣ್ಣನ ದನಿ ಒಮ್ಮೆಯೂ ತೊದಲಲಿಲ್ಲ. ಹಿಂದೆ ಬರುತ್ತಿದ್ದವರಿಗೆ ನಿಧಾನವಾಗಿ ಬರಲು ಹೇಳಿಸಿದ್ದೂ ಅವನೇ. ಹುಡುಗನ ಕೈಗೆ ಸುತ್ತಲು ಹೆಂಡತಿ ತನ್ನ ಚೀಲದಿಂದ ನೀಲಿ ತುಂಡುಬಟ್ಟೆ ತೆಗೆದಳು.

ಸೋಮವಾರ ಕಾರು ಮತ್ತೆ ಗ್ಯಾರೇಜಿನಲ್ಲಿ. ಗಂಟಣ್ಣನು ಹೊಸ ಕೇಬಲ್ಲು ಎಳೆದನು. ಈ ಸಲ ಹೆಂಡತಿಯ ಹೊಲಿಗೆಯ ಟೇಪಿನಿಂದ ಅಳೆದು, ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ, ಅದರ ಮೇಲೆ ಇನ್ನೂ ಒಂದು ಗೇಣು ಬಿಟ್ಟನು. ಆ ಸಡಿಲವನ್ನು ದುಂಡಗೆ ಸುತ್ತಿ, ಸೀಟಿನ ಅಂಚಿನಲ್ಲಿ ದಾರದಿಂದ ಕಟ್ಟಿದನು. ಬಾಗಿಲು ತೆಗೆದವರಿಗೆ ಅದು ಕಾಣುತ್ತಿತ್ತು.

"ಭಾವ, ವೈರು ಕಾಣ್ತಿದೆ! ಅಕ್ಕ ನಿಮ್ಮನ್ನ ಬಿಡಲ್ಲ" ಎಂದನು ಭಾವಮೈದುನ ಖುಷಿಯಿಂದ.

ಸಂಜೆ ಹೆಂಡತಿ ಬಂದಳು. ಬಾಗಿಲು ತೆಗೆದಳು. ಆ ಸುತ್ತಿನ ಮೇಲೆ ಕಣ್ಣು ನಿಂತಿತು. ಚೀಲದಿಂದ ಕತ್ತರಿ ತೆಗೆದು, ಬಗ್ಗಿ, ಬಹಳ ಹೊತ್ತು ನೋಡಿದಳು. ಗಂಟಣ್ಣನು ಉಸಿರು ಹಿಡಿದು ನಿಂತನು. ಅವಳು ಕೊನೆಯ ಗಂಟಿನಿಂದ ಅಕ್ಕಿಕಾಳಿನಷ್ಟು ಹೊರಗೆ ಉಳಿದಿದ್ದ ದಾರದ ತುದಿಯನ್ನು ಕಚಕ್ಕೆಂದು ಕತ್ತರಿಸಿ, ಉಳಿದದ್ದನ್ನು ಹಾಗೆಯೇ ಬಿಟ್ಟಳು. ಕೂತಳು. ಹಿಡಿ ಎತ್ತಿ ಸೀಟನ್ನು ಎಂದಿನಂತೆ ಜೋರಾಗಿ ಮುಂದಕ್ಕೆ ಎಳೆದುಕೊಂಡಳು.

ರೇಡಿಯೋದಲ್ಲಿ ಯಾರೋ ಮಲ್ಲಿಗೆ ಗಿಡದ ಹುಳ ಉದುರಿದೆ ಎನ್ನುತ್ತಿದ್ದರು. ಆ ಮಾತು ನಡುವೆ ತುಂಡಾಗದೆ ಓವರ್ ವರೆಗೂ ಬಂದಿತು.